ಮಲಾವಿಯ ಡೆಸ್ಕುಗಳಿಗಾಗಿ ಕ್ಲೈಡ್ ದಂಡೆಯಲ್ಲಿ ನಡೆದ ಮಕ್ಕಳು

ಸ್ಕಾಟ್ಲೆಂಡಿನ ಅನೇಕ ಶಾಲೆಗಳಿಗೆ ಆಫ್ರಿಕಾದ ಮಲಾವಿಯಲ್ಲಿ ಸಹಭಾಗಿ ಶಾಲೆಗಳಿವೆ. ಈ ನಂಟು ಇಂದು ನಿನ್ನೆಯದಲ್ಲ. ಗ್ಲಾಸ್ಗೋ ಸಮೀಪದ ಬ್ಲಾಂಟೈರ್‌ನಲ್ಲಿ 1813ರಲ್ಲಿ ಹುಟ್ಟಿದ ಮಿಶನರಿ, ಅನ್ವೇಷಕ ಡೇವಿಡ್ ಲಿವಿಂಗ್‌ಸ್ಟನ್ 1859ರಲ್ಲಿ ಮಲಾವಿ ಸರೋವರವನ್ನು ತಲುಪಿದರು. ಅವರ ಹುಟ್ಟೂರಿನ ಹೆಸರನ್ನೇ ಹೊತ್ತ ಇನ್ನೊಂದು ಬ್ಲಾಂಟೈರ್ ಇಂದು ಮಲಾವಿಯ ವಾಣಿಜ್ಯ ನಗರ. 2005ರಲ್ಲಿ ಎರಡೂ ಸರ್ಕಾರಗಳು ಸಹಕಾರ ಒಪ್ಪಂದಕ್ಕೆ ಸಹಿ ಹಾಕಿದವು. ನನ್ನ ಮಗಳು ಓದುವ ಪ್ರೌಢಶಾಲೆಯಲ್ಲಿ ಈ ಸಂಬಂಧವನ್ನು ನೋಡಿಕೊಳ್ಳುವುದು ವಿದ್ಯಾರ್ಥಿಗಳದ್ದೇ ಸಮಿತಿ. ಕಳೆದ ಮೇ ತಿಂಗಳಲ್ಲಿ ಅವರು ಏರ್ಪಡಿಸಿದ್ದ ಪ್ರಾಯೋಜಿತ ನಡಿಗೆಗೆ, ಅಂದರೆ ಮಕ್ಕಳು ನಡೆಯುವುದಕ್ಕೆ ಪರಿಚಿತರು ದೇಣಿಗೆ ಕೊಡುವ ಕಾರ್ಯಕ್ರಮಕ್ಕೆ, ಸಹಾಯಕಳಾಗಿ ಹೋಗುವ ಅವಕಾಶ ನನಗೆ ಸಿಕ್ಕಿತು.

ಹಳೆಯ ಪುಸ್ತಕಗಳನ್ನೂ ಪೆನ್ನುಗಳನ್ನೂ ಪೆಟ್ಟಿಗೆಗಳಲ್ಲಿ ತುಂಬಿ ಕಳುಹಿಸಬೇಕೆಂಬುದು ಮಕ್ಕಳ ಮೊದಲ ಆಲೋಚನೆಯಾಗಿತ್ತು. ಆದರೆ ಸಮಿತಿಯ ಹುಡುಗಿಯೊಬ್ಬಳು, ಅವರಿಗೆ ಏನು ಬೇಕೆಂದು ನಾವು ಕೇಳಿಯೇ ಇಲ್ಲವಲ್ಲ ಎಂದು ಸಭೆಯಲ್ಲಿ ಎದ್ದು ನಿಂತು ಹೇಳಿದಳಂತೆ. ಕೇಳಿ ಪತ್ರ ಬರೆದಾಗ ಅಲ್ಲಿನ ಮುಖ್ಯೋಪಾಧ್ಯಾಯರಿಂದ ಬಂದ ಉತ್ತರ ಬಹಳ ಸ್ಪಷ್ಟವಾಗಿತ್ತು: ಮೇಲಿನ ತರಗತಿಯ ಮಕ್ಕಳೂ ನೆಲದ ಮೇಲೆ ಕುಳಿತು ತೊಡೆಯ ಮೇಲೆ ಪುಸ್ತಕವಿಟ್ಟುಕೊಂಡು ಬರೆಯುತ್ತಾರೆ, ನಮಗೆ ಡೆಸ್ಕುಗಳು ಬೇಕು, ಅವುಗಳನ್ನು ನಮ್ಮ ಊರಿನ ಬಡಗಿಯೇ ಮಾಡಿಕೊಡುತ್ತಾನೆ. ಪೆಟ್ಟಿಗೆಗಳ ಸಾಗಣೆಗೆ ತಗಲುವ ಹಣ ಹೀಗೆ ಆ ಊರಿನಲ್ಲೇ ಒಬ್ಬರ ಕೂಲಿಯಾಗುತ್ತದೆ. ಹದಿನೈದು ಹದಿನಾರರ ಮಕ್ಕಳು ಈ ಮಾತನ್ನು ಅರಿತು ತಮ್ಮ ಯೋಜನೆಯನ್ನೇ ಬದಲಿಸಿಕೊಂಡದ್ದು, ನನ್ನ ಮಟ್ಟಿಗೆ, ಆ ವರ್ಷ ಸಂಗ್ರಹವಾದ ಹಣಕ್ಕಿಂತ ದೊಡ್ಡ ಸಂಗತಿ.

ನಡಿಗೆಯ ಹಾದಿಯನ್ನೂ ಅವರೇ ಆರಿಸಿದ್ದರು. ಕ್ಯಾಂಬಸ್ಲಾಂಗ್‌ನಿಂದ ಹೊರಟು ಕ್ಲೈಡ್ ನದಿಯ ದಂಡೆಗುಂಟ ಬ್ಲಾಂಟೈರ್‌ನಲ್ಲಿರುವ ಲಿವಿಂಗ್‌ಸ್ಟನ್ ಜನ್ಮಸ್ಥಳದ ವಸ್ತುಸಂಗ್ರಹಾಲಯವನ್ನು ತಲುಪುವುದು. ಬೆಳಗಿನಿಂದಲೇ ಜಿಟಿಜಿಟಿ ಮಳೆ ಹಿಡಿದಿತ್ತು. ಒಬ್ಬರೂ ಹಿಂದೆ ಸರಿಯಲಿಲ್ಲ. ಆ ಕಟ್ಟಡ ಒಂದು ಕಾಲಕ್ಕೆ ಹತ್ತಿ ಗಿರಣಿಯ ಕಾರ್ಮಿಕರ ವಸತಿಯಾಗಿತ್ತು. ಹತ್ತನೆಯ ವಯಸ್ಸಿಗೇ ಗಿರಣಿಗೆ ಸೇರಿದ ಬಾಲಕ ಲಿವಿಂಗ್‌ಸ್ಟನ್ ದಿನವಿಡೀ ದುಡಿದು ರಾತ್ರಿ ಶಾಲೆಗೆ ಹೋಗುತ್ತಿದ್ದನೆಂಬ ವಿವರವನ್ನು ಅಲ್ಲಿಯ ಅಂಗಳದಲ್ಲಿ ಹುಡುಗನೊಬ್ಬ ಓದಿ ಹೇಳಿದಾಗ, ಒದ್ದೆ ಜಾಕೆಟ್‌ಗಳ ಆ ಗುಂಪು ಗಮನವಿಟ್ಟು ಕೇಳಿತು.

ಹಣ ಎಣಿಸುವ ಕೆಲಸ ಮರುವಾರ ಶಾಲೆಯ ಊಟದ ಕೋಣೆಯಲ್ಲಿ ನಡೆಯಿತು. ಸಮವಸ್ತ್ರವಿಲ್ಲದ ದಿನಕ್ಕೆ ಪ್ರತಿ ವಿದ್ಯಾರ್ಥಿ ತಂದಿದ್ದ ಒಂದೊಂದು ಪೌಂಡು, ಕೇಕ್ ಮಾರಾಟದ ಚಿಲ್ಲರೆ, ನಡಿಗೆಯ ಪ್ರಾಯೋಜಕರ ಹಣ, ಮೂರಕ್ಕೂ ಬೇರೆ ಬೇರೆ ಡಬ್ಬಿ, ಬೇರೆ ಬೇರೆ ಹಾಳೆ. ಹನ್ನೆರಡು ಮೂಲೆಗಳ ಪೌಂಡ್ ನಾಣ್ಯಗಳನ್ನು ಇಪ್ಪತ್ತಿಪ್ಪತ್ತಾಗಿ ಪೇರಿಸಿ ಒಬ್ಬಳು ಎಣಿಸಿದರೆ, ಇನ್ನೊಬ್ಬಳು ಅದನ್ನೇ ಮತ್ತೆ ಎಣಿಸಿ ಸಹಿ ಹಾಕುತ್ತಿದ್ದಳು. ಗಿಫ್ಟ್ ಏಡ್ ಎಂಬ ವ್ಯವಸ್ಥೆಯನ್ನು ನನಗೆ ವಿವರಿಸಿದವರೂ ಈ ಮಕ್ಕಳೇ: ತೆರಿಗೆ ಕಟ್ಟುವವರು ನೋಂದಾಯಿತ ದತ್ತಿ ಸಂಸ್ಥೆಗೆ ಕೊಟ್ಟ ಪ್ರತಿ ಪೌಂಡಿಗೆ ಸರ್ಕಾರದಿಂದ 25 ಪೆನ್ಸ್ ಸೇರುತ್ತದೆ, ಆದರೆ ಪ್ರಾಯೋಜಕರು ತಮ್ಮ ಹೆಸರು, ಮನೆಯ ವಿಳಾಸ ಬರೆದು ಒಪ್ಪಿಗೆಯ ಗುರುತು ಹಾಕಿರಬೇಕು, ಕೇಕ್ ಕೊಂಡ ಹಣ ದೇಣಿಗೆಯಲ್ಲವಾದ್ದರಿಂದ ಅದಕ್ಕೆ ಈ ಸೌಲಭ್ಯವಿಲ್ಲ. ಪಿನ್‌ಕೋಡ್ ಬಿಟ್ಟುಹೋಗಿದ್ದ ಹಾಳೆಗಳನ್ನು ಬೇರೆಯಾಗಿಟ್ಟು, ಆಯಾ ಮನೆಗೆ ಮತ್ತೊಮ್ಮೆ ಕಳುಹಿಸಿದರು. ನಾನು ಒಯ್ದಿದ್ದ ಕೋಡುಬಳೆಯ ಹಣಕ್ಕೂ ಪ್ರತ್ಯೇಕವಾಗಿ ಒಂದು ಸಾಲು ಬರೆದುಕೊಂಡರು.

ಡೆಸ್ಕುಗಳ ಮೇಲೆ ನಮ್ಮ ಶಾಲೆಯ ಹೆಸರು ಬರೆಸಬೇಕೇ ಎಂಬ ಪ್ರಶ್ನೆ ಆಗಲೇ ಎದ್ದಿತು. ನಮ್ಮೂರ ಸರ್ಕಾರಿ ಶಾಲೆಯಲ್ಲಿ ಫ್ಯಾನಿನ ರೆಕ್ಕೆ, ಬೀರು, ಗೋಡೆ ಗಡಿಯಾರ, ಎಲ್ಲದರ ಮೇಲೂ ದಾನಿಗಳ ಹೆಸರಿರುತ್ತಿತ್ತು. ಅವರೆಲ್ಲ ಅದೇ ಬೆಂಚುಗಳಲ್ಲಿ ಕುಳಿತು ಕಲಿತ ಊರಿನವರಾದ್ದರಿಂದ ಆ ಹೆಸರುಗಳಲ್ಲಿ ಊರಿನ ಋಣವೂ ಅಭಿಮಾನವೂ ಇತ್ತು. ಇಲ್ಲಿಯದು ಬೇರೆ ಎಂದು ಮಕ್ಕಳಿಗೆ ತೋಚಿತು. ದಿನವೂ ಪರದೇಶದ ಹೆಸರಿನ ಮೇಲೆ ಪುಸ್ತಕವಿಟ್ಟು ಓದುವಂತಾಗಬಾರದು ಎಂದು ಒಬ್ಬ ಹೇಳಿದ. ಹೆಸರು ಬೇಡವೆಂದು ತೀರ್ಮಾನವಾಯಿತು. ದಾನ ಪಡೆಯುವವರ ಮರ್ಯಾದೆಯ ಬಗ್ಗೆ ಇಷ್ಟು ಯೋಚಿಸುವ ದೊಡ್ಡವರ ಸಭೆಗಳನ್ನು ನಾನು ಹೆಚ್ಚು ಕಂಡಿಲ್ಲ.

ಹಣ ದತ್ತಿ ಸಂಸ್ಥೆಯೊಂದರ ಮೂಲಕ ಕಂತುಗಳಲ್ಲಿ ತಲುಪಿತು. ಜೂನ್‌ನಲ್ಲಿ ಎರಡು ದೇಶಗಳ ಗಡಿಯಾರಕ್ಕೆ ಒಂದೇ ಗಂಟೆಯ ವ್ಯತ್ಯಾಸವಿರುವುದರಿಂದ ಶಾಲೆಯ ವೇಳೆಯಲ್ಲೇ ವಿಡಿಯೊ ಕರೆ ಸಾಧ್ಯವಾಯಿತು. ಪ್ರಾಥಮಿಕ ಹಂತದ ಕೊನೆಯ ಪರೀಕ್ಷೆ ಬರೆಯಬೇಕಾದ ಎಂಟನೆಯ ತರಗತಿಗೇ ಮೊದಲ ಡೆಸ್ಕುಗಳನ್ನು ಕೊಟ್ಟಿದ್ದೇವೆಂದು ಅಲ್ಲಿಯ ಶಿಕ್ಷಕಿ ತಿಳಿಸಿದರು. ಮಲಾವಿಯ ಮಕ್ಕಳು ಇವರನ್ನು ಕೇಳಿದ್ದು ಹಣದ ಬಗ್ಗೆಯಲ್ಲ. ನಿಮ್ಮಲ್ಲಿ ಚಳಿಗಾಲದಲ್ಲಿ ಕತ್ತಲಲ್ಲೇ ಶಾಲೆಗೆ ಹೋಗುತ್ತೀರಂತೆ, ಹೌದೇ ಎಂದು. ಈಗ ಹೊಸ ಸಮಿತಿಯ ಕೈಗೆ ಲೆಕ್ಕದ ಪುಸ್ತಕ ಬಂದಿದೆ, ಮುಂದಿನ ವರ್ಷಕ್ಕೆ ಏನು ಬೇಕೆಂದು ಕೇಳಿದ ಪತ್ರವೂ ಹೋಗಿದೆ.