ಟಿವಿಯಲ್ಲಿ ಹಾಡಿದ ಮಗುವಿನ ಹಳೆಯ ಕ್ಯಾಸೆಟ್: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

"ಚಿಕ್ಕವಳಿದ್ದಾಗ ಟಿವಿಯಲ್ಲಿ ಹಾಡಿದ್ದೆ, ಅಪ್ಪ ವಿಸಿಆರ್‌ನಲ್ಲಿ ರೆಕಾರ್ಡ್ ಮಾಡಿಟ್ಟಿದ್ದರು. ಅದನ್ನು ಕಂಪ್ಯೂಟರಿಗೆ ಇಳಿಸುವುದು ಹೇಗೆ?" ದೂರದರ್ಶನದ ಮಕ್ಕಳ ಕಾರ್ಯಕ್ರಮಗಳಲ್ಲಿ, ಆಮೇಲೆ ಈಟಿವಿ ಕನ್ನಡದಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ನಡೆಸಿಕೊಡುತ್ತಿದ್ದ 'ಎದೆ ತುಂಬಿ ಹಾಡುವೆನು'ವಿನಲ್ಲಿ ಹಾಡಿದ ಮಕ್ಕಳು ಈಗ ದೊಡ್ಡವರಾಗಿದ್ದಾರೆ. ಈ ಪ್ರಶ್ನೆ ನಿಲ್ಲುವಂತೆ ಕಾಣುವುದಿಲ್ಲ.

ಮೊದಲಿಗೆ, "ಸರಿಯಿದೆಯೇ ನೋಡೋಣ" ಎಂದು ಕ್ಯಾಸೆಟ್ಟನ್ನು ವಿಸಿಆರ್‌ಗೆ ತುರುಕಬೇಡಿ. ಕಿಟಕಿಯೊಳಗೆ ಟಾರ್ಚ್ ಬಿಟ್ಟು ರೀಲಿನ ಅಂಚು ನೋಡಿ. ಬಿಳಿ ಪುಡಿಯಂತೆ ಕಂಡರೆ ಅದು ಬೂಷ್ಟು. ಮಲೆನಾಡು, ಕರಾವಳಿಯ ಮನೆಗಳಲ್ಲಿ ಇದು ತೀರಾ ಸಾಮಾನ್ಯ. ಅಂಥ ಟೇಪನ್ನು ಓಡಿಸಿದರೆ ವಿಸಿಆರ್‌ನೊಳಗೆ ಟೇಪನ್ನು ಓದುವ ಹೆಡ್ ಕೊಳೆಯಾಗುತ್ತದೆ, ಮುಂದೆ ಹಾಕುವ ಕ್ಯಾಸೆಟ್ಟಿಗೂ ಬೂಷ್ಟು ಅಂಟುತ್ತದೆ. ಅದನ್ನು ಟೇಪ್ ಶುಚಿ ಮಾಡುವುದು ಬಲ್ಲವರಿಗೇ ಕೊಡಿ.

ಟೇಪು ಶುಚಿಯಾಗಿದ್ದರೆ, ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಪುಟ್ಟ ಪ್ಲಾಸ್ಟಿಕ್ ಚೂರನ್ನು ಮುರಿದುಬಿಡಿ. ಆಮೇಲೆ ಕೈತಪ್ಪಿ ಅದರ ಮೇಲೆ ರೆಕಾರ್ಡ್ ಆಗುವ ಭಯವಿಲ್ಲ. ಒಮ್ಮೆ ಕೊನೆಯವರೆಗೂ ಮುಂದಕ್ಕೆ ಓಡಿಸಿ, ಪೂರ್ತಿ ಹಿಂದಕ್ಕೆ ಸುತ್ತಿಸಿ. ವರ್ಷಗಟ್ಟಲೆ ಒತ್ತಿಕೊಂಡು ಕೂತ ಸುತ್ತುಗಳು ಬಿಡಿಸಿಕೊಳ್ಳುತ್ತವೆ. ಹೆಡ್ ಒರೆಸಲು 99% ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಮೆತ್ತನೆಯ ಚರ್ಮದ ತುಂಡು ಬೇಕು. ತುಂಡನ್ನು ಅಲುಗಿಸದೆ ಹಿಡಿದು, ಹೆಡ್ ಕೂತಿರುವ ಉರುಳೆಯನ್ನು (ಡ್ರಮ್) ಕೈಯಿಂದ ತಿರುಗಿಸಿ. ಮೇಲೆ ಕೆಳಗೆ ಉಜ್ಜಿದರೆ ಹೆಡ್ಡಿನ ತುದಿ ಮುರಿಯುತ್ತದೆ. ಹತ್ತಿ ಬೇಡ, ಎಳೆ ಸಿಕ್ಕಿಕೊಳ್ಳುತ್ತದೆ.

ಹೊಸ ವಿಸಿಆರ್ ಈಗ ಸಿಗದು. ಕೊನೆಯ ತಯಾರಕ ಜಪಾನಿನ ಫುನೈ 2016ರಲ್ಲಿ ನಿಲ್ಲಿಸಿತು. ಅಂದು ರೆಕಾರ್ಡ್ ಮಾಡಿದ ಯಂತ್ರವೇ ಮನೆಯಲ್ಲಿದ್ದರೆ ಮೊದಲು ಅದನ್ನೇ ರಿಪೇರಿ ಮಾಡಿಸಿ. ಕಾರಣ ಧ್ವನಿ. ಅಂಗಡಿಯವರು ಚಿತ್ರ ನೋಡಿ ಕೆಲಸ ಮುಗಿಯಿತು ಎನ್ನುತ್ತಾರೆ. ಹಾಡಿನ ಕ್ಯಾಸೆಟ್ಟಿಗೆ ಅದು ಸಾಲದು. ಸಾಮಾನ್ಯ ಮೊನೊ ವಿಸಿಆರ್ ಧ್ವನಿಯನ್ನು ಟೇಪಿನ ಅಂಚಿನ ಸಣ್ಣ ಪಟ್ಟಿಯಲ್ಲಿ ಬರೆಯುತ್ತದೆ. ಟೇಪು ಓಡುವುದು ಸೆಕೆಂಡಿಗೆ ಸುಮಾರು 2.34 ಸೆಂ.ಮೀ., ಆಡಿಯೊ ಕ್ಯಾಸೆಟ್ಟಿನ ಅರ್ಧ ವೇಗವೂ ಅಲ್ಲ. ಆದ್ದರಿಂದ ತಾರಸ್ಥಾಯಿಯ ಹೊಳಪು ಮೊದಲೇ ಕಡಿಮೆ. ಆಡಿಯೊ ಹೆಡ್ಡಿನ ಕೋನ ಎಳ್ಳಷ್ಟು ಬೇರೆಯಾದರೂ ಉಳಿದದ್ದೂ ಹೋಗಿ 'ಸ', 'ಶ' ಮಂಕಾಗುತ್ತವೆ. ಬೇರೆ ಯಂತ್ರವೇ ಗತಿಯಾದರೆ, ಮೆಕ್ಯಾನಿಕ್ ಆ ಹೆಡ್ಡಿನ ಕೋನದ ಸ್ಕ್ರೂವನ್ನು ಕೇಳಿಸಿಕೊಳ್ಳುತ್ತಲೇ ಹೊಂದಿಸಲಿ. ಮೊದಲಿದ್ದ ಜಾಗಕ್ಕೆ ಗುರುತು ಹಾಕಿಕೊಳ್ಳಲಿ.

ಕಂಪ್ಯೂಟರಿಗೆ ಇಳಿಸುವಾಗ ತಂತ್ರಾಂಶದಲ್ಲಿ ಪಾಲ್ (ನಮ್ಮ ಟಿವಿ ಪದ್ಧತಿ), 720×576, ಸೆಕೆಂಡಿಗೆ 25 ಫ್ರೇಮ್ ಆರಿಸಿ. ಧ್ವನಿಯ ಶಿಖರ ಮೈನಸ್ 6 ಡೆಸಿಬಲ್ ದಾಟದಿರಲಿ. ಮಕ್ಕಳು ಮೇಲಿನ ಷಡ್ಜಕ್ಕೆ ಹೋದಾಗ ಒಮ್ಮೆ ಒಡೆದ ಧ್ವನಿಯನ್ನು ಸರಿಮಾಡುವುದು ಬಹಳ ಕಷ್ಟ. ವಿಸಿಆರನ್ನು ಕಂಪ್ಯೂಟರಿಗೆ ಜೋಡಿಸುವ ಅಗ್ಗದ ಯುಎಸ್‌ಬಿ ಕ್ಯಾಪ್ಚರ್‌ ಸಾಧನಗಳು ಸವೆದ ಟೇಪಿನಲ್ಲಿ ಫ್ರೇಮ್ ಬಿಟ್ಟುಬಿಡುತ್ತವೆ, ತುಟಿ ಒಂದು ಕಡೆ ಹಾಡು ಇನ್ನೊಂದು ಕಡೆ ಆಗುತ್ತದೆ. ಹಾಗಾಗಿ ಧ್ವನಿಯನ್ನು ಪ್ರತ್ಯೇಕವಾಗಿಯೂ 48,000 ಹರ್ಟ್ಸ್‌ನಲ್ಲಿ ಹಿಡಿದಿಡಿ. 44,100ರಲ್ಲಿ ಹಿಡಿದದ್ದನ್ನು ತಂತ್ರಾಂಶ 48,000 ಎಂದು ಭಾವಿಸಿ ನುಡಿಸಿದರೆ ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಏರುತ್ತದೆ. ಹಾರ್ಮೋನಿಯಂನ ಐದು ಮನೆ ಶ್ರುತಿಯಲ್ಲಿ ಹಾಡಿದ್ದು ಐದೂವರೆಗೂ ಆರಕ್ಕೂ ನಡುವೆ ನಿಲ್ಲುತ್ತದೆ. ಮಗುವಿನ ಕಂಠ ಹೇಗೂ ಎಳೆಯದು, ಹೆಚ್ಚಿನವರಿಗೆ ವ್ಯತ್ಯಾಸ ತಿಳಿಯುವುದೇ ಇಲ್ಲ. ಹಾರ್ಮೋನಿಯಂ ಹಿಡಿದು ಹೋಲಿಸಿ.

'ಸುಂಯ್' ಸದ್ದು ತೆಗೆಯುವ ಆತುರ ಬೇಡ. ಒಂದೇ ಸಮನೆ ಬರುವ ಸದ್ದನ್ನೆಲ್ಲ ತಂತ್ರಾಂಶ ಕಸವೆಂದು ತಿಳಿಯುತ್ತದೆ, ತಂಬೂರಿಯೂ ಒಂದೇ ಸಮನೆ ಮಿಡಿಯುತ್ತದೆ. ಸದ್ದಿನ ಮಾದರಿಯನ್ನು ಜಾಹೀರಾತಿಗೂ ಕಾರ್ಯಕ್ರಮಕ್ಕೂ ನಡುವಿನ ಕಪ್ಪು ಪರದೆಯಿಂದ ತೆಗೆದುಕೊಳ್ಳಿ, 6 ಡೆಸಿಬಲ್ ಇಳಿಸಿದರೆ ಸಾಕು. ತಿದ್ದದ ಪ್ರತಿಯನ್ನು ಅಳಿಸಬೇಡಿ.

ಡಿವಿ ಎಂಬ ವಿಡಿಯೊ ರೂಪದಲ್ಲಿ ಉಳಿಸಿದರೆ ಗಂಟೆಗೆ ಸುಮಾರು 13 ಜಿಬಿ ಬೇಕು. ಎರಡು ಬೇರೆ ಡಿಸ್ಕ್‌ಗಳಲ್ಲಿ ಇಡಿ. ಕ್ಯಾಸೆಟ್ಟನ್ನೂ ಎಸೆಯಬೇಡಿ: ಪೂರ್ತಿ ಸುತ್ತಿ, ಪುಸ್ತಕದಂತೆ ನಿಲ್ಲಿಸಿ, ಸ್ಪೀಕರ್‌ಗಳಿಂದ ದೂರವಿಡಿ. ಟೇಪು ದುಬಾರಿಯಾಗಿದ್ದ ಕಾಲದಲ್ಲಿ ಅಳಿಸಿ ಮತ್ತೆ ಬಳಸುವುದು ಟಿವಿ ಕೇಂದ್ರಗಳಲ್ಲಿ ರೂಢಿಯಾಗಿತ್ತು. ಆ ಹಾಡಿನ ಬೇರೆ ಪ್ರತಿ ಎಲ್ಲೂ ಇಲ್ಲದಿರಬಹುದು.