ಹರಿಗೋಲು ಹತ್ತುವವರು ಯಾರು?

ಹೊಳೆ ತುಂಬಿ ಬಂದಾಗ ನಡುಗಡ್ಡೆಗಳಲ್ಲಿ ಸಿಕ್ಕಿಬಿದ್ದವರನ್ನು ಹರಿಗೋಲಿನಲ್ಲಿ ಕರೆತರುವ ಅಂಬಿಗರ ಬಗ್ಗೆ ಒಂದು ಕಿರು ಸಾಕ್ಷ್ಯಚಿತ್ರ ಮಾಡಬೇಕೆಂದು ನಾನೂ ಗಂಗಾವತಿಯ ಇಬ್ಬರು ಗೆಳೆಯರೂ ನಿರ್ಧರಿಸಿದೆವು. ಚಿತ್ರಕಥೆ ಬರೆಯಲು ಕೂರುವ ಮೊದಲು ಒಂದು ದಿನವನ್ನು ಪೂರ್ತಿಯಾಗಿ ಆನೆಗೊಂದಿಯ ಹೊಳೆದಂಡೆಯಲ್ಲಿ ಕಳೆಯೋಣವೆಂದು ಹೊರಟಾಗ ಭತ್ತದ ಕೊಯ್ಲು ನಡೆದಿತ್ತು. ತುಂಗಭದ್ರೆ ಬಂಡೆಗಳ ಸಂದಿಯಲ್ಲಿ ತಿಳಿಯಾಗಿ ಹರಿಯುತ್ತಿದ್ದಳು.

ಈ ವಿಷಯ ನಮ್ಮ ಮನಸ್ಸಿಗೆ ಹತ್ತಿದ್ದು 2019ರ ಆಗಸ್ಟ್‌ನಿಂದ. ಆಗ ಜಲಾಶಯದಿಂದ ಬಿಟ್ಟ ನೀರು ವಿರುಪಾಪುರ ಗಡ್ಡೆಯನ್ನು ಸುತ್ತುವರಿದು ನೂರಾರು ಪ್ರವಾಸಿಗರು ಅಲ್ಲೇ ಉಳಿದರು. ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ ಬಂತು, ಹೆಲಿಕಾಪ್ಟರ್ ಬಂತು. ರಕ್ಷಣೆಗೆ ಹೊರಟ ದೋಣಿಯೊಂದು ಮಗುಚಿ, ಅದರಲ್ಲಿದ್ದ ಸಿಬ್ಬಂದಿಯನ್ನೇ ರಕ್ಷಿಸಬೇಕಾದ ಪ್ರಸಂಗವೂ ಬಂತು. ತರಬೇತಿ ಪಡೆದವರಿಗೂ ಸುಲಭವಾಗಿ ದಾರಿ ಕೊಡದ ಹೊಳೆ ಇದು. ನೀರಿನೊಳಗಿನ ಬಂಡೆಗಳು ಎಲ್ಲಿ ಸುಳಿ ಎಬ್ಬಿಸುತ್ತವೆ ಎಂಬುದು ಇಲ್ಲಿ ದೋಣಿಗೆ ಹುಟ್ಟು ಹಾಕುತ್ತ ಬೆಳೆದವರಿಗೆ ಮಾತ್ರ ಚೆನ್ನಾಗಿ ಗೊತ್ತು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಕ್ರಸ್ಟ್ ಗೇಟುಗಳ ಪೈಕಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದಾಗ, ಕೆಳಗಿನ ಊರುಗಳಲ್ಲಿ ನಿದ್ದೆಗೆಟ್ಟವರಲ್ಲಿ ಈ ಅಂಬಿಗರೂ ಇದ್ದರು.

ಕ್ಯಾಮೆರಾ ನೋಡಿಕೊಳ್ಳುವ ಗೆಳೆಯನಿಗೆ ಪ್ರವಾಹದ ದೃಶ್ಯ ಬೇಕಿತ್ತು. ಮುಂದಿನ ಮಳೆಗಾಲದವರೆಗೆ ಕಾದು, ಕೆಂಪು ನೀರಿನ ಮೇಲೆ ಡ್ರೋನ್ ಹಾರಿಸಿ, ಹರಿಗೋಲು ಸೆಳವಿಗೆ ಬೀಳುವುದನ್ನು ಮೇಲಿನಿಂದ ತೋರಿಸಬೇಕೆಂದು ಅವನ ಆಸೆ. ನನಗೆ ಅದು ಒಪ್ಪಿಗೆಯಾಗಲಿಲ್ಲ. ಕ್ಯಾಮೆರಾ ಇದೆ ಎಂಬ ಕಾರಣಕ್ಕೆ ಯಾರಾದರೂ ಒಂದು ಮಾರು ಹೆಚ್ಚು ಮುಂದೆ ಹೋದರೆ ಅದಕ್ಕೆ ಹೊಣೆ ನಾವೇ. ಊರವರ ಮೊಬೈಲುಗಳಲ್ಲಿ ಪ್ರವಾಹದ ಚಿತ್ರಗಳು ಈಗಾಗಲೇ ಇವೆ. ಅನುಮತಿ ಕೇಳಿ, ಅವುಗಳನ್ನೇ ಬಳಸಬಹುದು. ಇನ್ನೊಬ್ಬ ಗೆಳೆಯನಿಗೆ ಇತಿಹಾಸದ ಒಲವು. ಹದಿನಾರನೆಯ ಶತಮಾನದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇಲ್ಲಿನ ಬುಟ್ಟಿಯಂಥ ದುಂಡು ದೋಣಿಗಳನ್ನು ವರ್ಣಿಸಿದ್ದಾನಲ್ಲ, ಅಲ್ಲಿಂದ ಆರಂಭಿಸೋಣ ಎಂದ. ಆ ಮಾತಿಗೆ ಚಿತ್ರದಲ್ಲಿ ಒಂದು ವಾಕ್ಯ ಸಾಕು ಎಂಬುದು ನನ್ನ ಅಭಿಪ್ರಾಯ.

ದಂಡೆಯಲ್ಲಿ ಹಿರಿಯ ಅಂಬಿಗರೊಬ್ಬರು ಹರಿಗೋಲನ್ನು ಬೋರಲು ಹಾಕಿಕೊಂಡು ಡಾಂಬರು ಬಳಿಯುತ್ತಿದ್ದರು. ಹೆಣೆದ ಬಿದಿರಿನ ದಬ್ಬೆಗಳ ಮೇಲೆ ಹಿಂದೆ ಚರ್ಮ ಹೊದಿಸುತ್ತಿದ್ದರಂತೆ. ಈಗ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಂಬರು. ಎಡಗೈಯ ಹೆಬ್ಬೆರಳಿನಿಂದ ಹಾಳೆಯ ಪ್ರತಿ ಮಡಿಕೆಯನ್ನು ಒತ್ತಿ ನೋಡುತ್ತ, ಬೆರಳು ಒಳಕ್ಕೆ ಹೋದಲ್ಲೆಲ್ಲ ಇನ್ನೊಂದು ಸಲ ಬಳಿಯುತ್ತಿದ್ದರು. ತುಂಬಿದ ಹೊಳೆಯನ್ನು ಹೇಗೆ ದಾಟುತ್ತೀರಿ ಎಂದು ಕೇಳಿದಾಗ ಅವರು ಕಡ್ಡಿಯಿಂದ ಮರಳಿನ ಮೇಲೆ ಗೆರೆ ಎಳೆದು ತೋರಿಸಿದರು. ಗಡ್ಡೆಯ ನೇರಕ್ಕೆ ಹೊರಟರೆ ಸೆಳವು ಗಡ್ಡೆಯನ್ನು ದಾಟಿಸಿ ಕೆಳಕ್ಕೆ ಒಯ್ಯುತ್ತದೆ. ಆದ್ದರಿಂದ ಹರಿಗೋಲನ್ನು ತಲೆಯ ಮೇಲೆ ಹೊತ್ತು ದಡದಗುಂಟ ಬಹಳ ದೂರ ಮೇಲಕ್ಕೆ ನಡೆದು, ಅಲ್ಲಿ ನೀರಿಗಿಳಿಸಿ, ಸೆಳವಿನ ಜೊತೆಗೇ ಓರೆಯಾಗಿ ಬರಬೇಕು.

ಇಬ್ಬರು ಹುಟ್ಟು ಹಾಕಬೇಕಾಗುತ್ತದೆ, ಜೊತೆಗೆ ಯಾರು ಬರುತ್ತಾರೆ ಎಂದು ಕೇಳಿದೆ.

“ಮಗಾನ ಬರತಾನ್ರೀ ಸರ. ಬ್ಯಾರೆಯವ್ರ ಕೂಡ ಹುಟ್ಟ ಹಾಕಿದ್ರ ಕೈ ಹೊಂದಂಗಿಲ್ಲ. ಅಂವ ಆದ್ರ ನಾ ಕಣ್ಣಸನ್ನಿ ಮಾಡಿದ್ರ ಸಾಕು, ತಿಳಕೋತಾನ.”

ಅನ್ನದ ಬುತ್ತಿ ತಂದು ಅಲ್ಲೇ ಕುಳಿತಿದ್ದ ಅವರ ಹೆಂಡತಿ ನಮ್ಮ ಕಡೆ ನೋಡದೆ ಅವರಿಗೇ ಹೇಳಿದರು: “ಇಬ್ರೂ ಒಂದ ಹರಗೋಲ ಹತ್ತತೀರಿ. ದಂಡಿ ಮ್ಯಾಲ ನಿಂತಾಕಿ ನಾ ಒಬ್ಬಾಕಿನ ಅದೀನಿ.”

ಆ ಮಾತು ಕೇಳಿದ ಕ್ಷಣ ನನಗೆ ಇಂಗ್ಲೆಂಡಿನ ಮೌಸ್‌ಹೋಲ್ ಎಂಬ ಮೀನುಗಾರರ ಊರು ನೆನಪಾಯಿತು. ಈ ಚಿತ್ರಕ್ಕಾಗಿ ಸಿದ್ಧತೆ ಮಾಡುವಾಗ ಬ್ರಿಟನ್ನಿನ ಜೀವರಕ್ಷಕ ದೋಣಿಗಳ ಸಂಸ್ಥೆಯ ಬಗ್ಗೆ ಓದಿದ್ದೆ. ವಿಲಿಯಂ ಹಿಲರಿ ಎಂಬಾತ 1824ರಲ್ಲಿ ಕಟ್ಟಿದ ಆ ಸಂಸ್ಥೆ ಇಂದಿಗೂ ಜನರ ದೇಣಿಗೆಯಿಂದ ನಡೆಯುತ್ತದೆ. ದೋಣಿ ನಡೆಸುವವರಲ್ಲಿ ಬಹುಪಾಲು ಜನ ಸ್ವಯಂಸೇವಕರು, ಕರೆ ಬಂದೊಡನೆ ತಮ್ಮ ಕೆಲಸ ಬಿಟ್ಟು ಓಡಿಬರುವವರು. 1981ರ ಡಿಸೆಂಬರ್ 19ರ ರಾತ್ರಿ, ಬಿರುಗಾಳಿಗೆ ಸಿಕ್ಕ ಹಡಗೊಂದರ ನೆರವಿಗೆ ಮೌಸ್‌ಹೋಲ್‌ನಿಂದ ದೋಣಿ ಹೊರಡುವಾಗ ತಂದೆ ಮಗ ಇಬ್ಬರೂ ಸಿದ್ಧರಾಗಿ ಬಂದಿದ್ದರು. ದೋಣಿಯ ನಾಯಕ ಟ್ರೆವೆಲಿಯನ್ ರಿಚರ್ಡ್ಸ್, ಇಂಥ ರಾತ್ರಿ ಒಂದು ಮನೆಯಿಂದ ಒಬ್ಬರಿಗಿಂತ ಹೆಚ್ಚು ಬೇಡವೆಂದು ಮಗನನ್ನು ದಡದಲ್ಲೇ ಬಿಟ್ಟರು. ಹೋದ ಎಂಟು ಸ್ವಯಂಸೇವಕರಲ್ಲಿ ಯಾರೂ ಮರಳಲಿಲ್ಲ. ದಡದಲ್ಲಿ ಉಳಿದ ಆ ಮಗ, ನೀಲ್ ಬ್ರಾಕ್‌ಮನ್, ಮುಂದೆ ಅದೇ ಕೇಂದ್ರದ ದೋಣಿಗೆ ನಾಯಕರಾದರು.

ಮರಳಿನ ಮೇಲೆ ಕುಳಿತು ಈ ಸಂಗತಿಯನ್ನು ಅವರೆಲ್ಲರಿಗೂ ಹೇಳಿದೆ. ಅಂಬಿಗರು ಕುಂಚ ಕೆಳಗಿಟ್ಟು ಕೇಳಿದರು. ತಾಯಿ, “ಅಂವ ಚಲೋ ಮಾಡಿದ” ಎಂದಷ್ಟೇ ಹೇಳಿದರು. ಚಿತ್ರದ ನಡುಗಂಬ ಯಾವುದು ಎಂಬುದು ನಮಗೆ ಅಲ್ಲೇ ಸ್ಪಷ್ಟವಾಯಿತು: ಹರಿಗೋಲು ನೀರಿಗಿಳಿಯುವ ಮೊದಲು ದಂಡೆಯಲ್ಲಿ ನಡೆಯುವ ಮಾತು. ಯಾರು ಹತ್ತಬೇಕು, ಯಾರನ್ನು ತಡೆಯಬೇಕು, ತಡೆಯುವ ಅಧಿಕಾರ ಯಾರಿಗಿದೆ? ಬ್ರಿಟನ್ನಿನಲ್ಲಿ ಅದು ದೋಣಿಯ ನಾಯಕನಿಗಿದೆ. ಇಲ್ಲಿ ತಂದೆಯೇ ನಾಯಕ, ಮಗನೇ ಜೊತೆಗಾರ.

ಮಗ ಮಧ್ಯಾಹ್ನ ಬಂದ. ಗುಡಿಸಲಿನಿಂದ ಜೀವರಕ್ಷಕ ಜಾಕೆಟ್ ಒಂದನ್ನು ತಂದು ತೋರಿಸಿದ. ಕಿತ್ತಳೆ ಬಣ್ಣ ಬಿಸಿಲಿಗೆ ಬಿಳಿಚಿಹೋಗಿತ್ತು. ಎದೆಯ ಕೊಂಡಿ ಮುರಿದ ಜಾಗಕ್ಕೆ ಗೋಣಿಚೀಲ ಹೊಲಿಯುವ ಹುರಿಯನ್ನು ಕಟ್ಟಿದ್ದರು. ಜಾಕೆಟ್ಟುಗಳು ಹತ್ತಿದವರಿಗಷ್ಟೇ, ತಮಗಲ್ಲ ಎಂದ. ಯಾಕೆ ಎಂದರೆ, “ಹಾಕ್ಕೊಂಡ್ರ ತೋಳ ಆಡಂಗಿಲ್ಲಣ್ಣ” ಎಂದು ಹುಟ್ಟು ಹಿಡಿದು ತೋರಿಸಿದ. ಭುಜದ ದಪ್ಪ ಪಟ್ಟಿ ಪ್ರತಿ ಸಲವೂ ಅವನ ಕೈಯನ್ನು ತಡೆಯುತ್ತಿತ್ತು. ಆ ದೃಶ್ಯ ಚಿತ್ರದಲ್ಲಿ ಇರಲೇಬೇಕು. ಧೈರ್ಯದ ಬಗ್ಗೆ ಎಷ್ಟು ಮಾತಾಡಿದರೂ ಇಷ್ಟು ವಿಷಯ ತಿಳಿಯುವುದಿಲ್ಲ. ಬ್ರಿಟನ್ನಿನಲ್ಲಿ ಈ ತೊಡಕನ್ನು 1854ರಲ್ಲೇ ಗಮನಿಸಿ, ಹುಟ್ಟು ಹಾಕುವವರಿಗೆಂದೇ ಬೆಂಡಿನ ತುಂಡುಗಳನ್ನು ಬಟ್ಟೆಗೆ ಹೊಲಿದ ಅಂಗಿಯನ್ನು ರೂಪಿಸಿದ್ದರು. 1861ರ ಫೆಬ್ರವರಿಯಲ್ಲಿ ವಿಟ್ಬಿ ಎಂಬಲ್ಲಿ ದೋಣಿ ಮಗುಚಿ ಹದಿಮೂರು ಜನರಲ್ಲಿ ಹನ್ನೆರಡು ಮಂದಿ ಸತ್ತಾಗ, ಬದುಕಿದ ಹೆನ್ರಿ ಫ್ರೀಮನ್ ಅದನ್ನು ತೊಟ್ಟಿದ್ದ.

ಸಂಜೆ ಗಂಗಾವತಿಗೆ ಬಂದು ಚಹಾ ಅಂಗಡಿಯಲ್ಲಿ ಕುಳಿತು ಯೋಜನೆಯನ್ನು ಬರೆದೆವು. ಚಿತ್ರೀಕರಣ ಜನವರಿಯಲ್ಲಿ, ನೀರು ಕಡಿಮೆಯಿರುವಾಗ. ಡ್ರೋನ್ ಇಲ್ಲ. ತಾಯಿಯ ಮಾತನ್ನು ಅವರ ಒಪ್ಪಿಗೆಯಿದ್ದರೆ ಮಾತ್ರ, ಮುಖ ತೋರಿಸದೆಯೂ ದಾಖಲಿಸಬಹುದು. ಬಾಡಿಗೆ ಲೆನ್ಸಿಗೆಂದು ತೆಗೆದಿಟ್ಟ ಹಣದಲ್ಲಿ, ರಾಫ್ಟಿಂಗ್ ಮಾಡುವವರು ತೊಡುವ, ತೋಳಿನ ಬಳಿ ಅಗಲವಾಗಿ ಕತ್ತರಿಸಿದ ಜಾಕೆಟ್ಟುಗಳನ್ನು ತಂದು ಅಪ್ಪ ಮಗ ಇಬ್ಬರೂ ಹುಟ್ಟು ಹಾಕಿ ನೋಡುವುದನ್ನು ಚಿತ್ರೀಕರಿಸುತ್ತೇವೆ. ಕೇಂದ್ರದ ‘ಆಪದ ಮಿತ್ರ’ ಯೋಜನೆಯಲ್ಲಿ ಸ್ಥಳೀಯ ಸ್ವಯಂಸೇವಕರಿಗೆ ತರಬೇತಿ, ರಕ್ಷಣಾ ಸಾಮಗ್ರಿ, ವಿಮೆ ಎಲ್ಲವೂ ಇವೆ. ಅದು ಈ ದಂಡೆಯ ಅಂಬಿಗರಿಗೆ ಸಿಗಲು ಏನು ಮಾಡಬೇಕೆಂದು, ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರಾದ ಜಿಲ್ಲಾಧಿಕಾರಿಗಳನ್ನು ಕ್ಯಾಮೆರಾದ ಮುಂದೆ ಕೇಳಬೇಕು. ಚಿತ್ರದ ಮೊದಲ ಪ್ರದರ್ಶನ ಆನೆಗೊಂದಿಯಲ್ಲೇ, ಜೂನ್ ತಿಂಗಳಲ್ಲಿ, ಜಲಾಶಯದ ಗೇಟು ತೆರೆಯುವುದಕ್ಕೆ ಮುಂಚೆ.