ಎರಡನೇ ಸಲದ ಮೂಗು

ಹುಬ್ಬಳ್ಳಿಯ ಡಾಕ್ಟರು ಮೊದಲು ನನ್ನ ಮೂಗನ್ನು ಮುಟ್ಟಲೇ ಇಲ್ಲ. ಬಲಗೆನ್ನೆಯ ಮೇಲೆ ಎರಡು ಬೆರಳಿಟ್ಟು ಕಿವಿಯ ಕಡೆಗೆ ಮೆಲ್ಲಗೆ ಜಗ್ಗಿ, "ಈಗ ಉಸಿರು ಎಳೀರಿ" ಎಂದರು. ಎಳೆದೆ. ಹದಿನಾಲ್ಕು ತಿಂಗಳಿಂದ ಕಟ್ಟಿಕೊಂಡಿದ್ದ ಹೊಳ್ಳೆಯೊಳಗೆ ತಣ್ಣಗೆ ಗಾಳಿ ನುಗ್ಗಿತು. ಅವರು ಬೆರಳು ತೆಗೆದರು, ಮತ್ತೆ ಕಟ್ಟಿತು. ಪಕ್ಕದ ಕುರ್ಚಿಯಲ್ಲಿ ಆಯಿ ಕುಳಿತಿದ್ದಳು. ಅವಳೆದುರು ಅಳಬಾರದು ಅಂದುಕೊಂಡು ಹೋಗಿದ್ದೆ, ಆಗಲಿಲ್ಲ.

ಮೊದಲ ಆಪರೇಷನ್ ಆಗಿದ್ದು 2022ರ ಸೆಪ್ಟೆಂಬರ್‌ನಲ್ಲಿ, ಬೆಂಗಳೂರಿನಲ್ಲಿ. ನನ್ನದು ನಡುವೆ ಡುಬ್ಬವಿದ್ದ ಮೂಗು. ಶಿರಸಿಯ ಶಾಲೆಯಲ್ಲಿ ಐದನೇ ಕ್ಲಾಸಿನಿಂದ ಗಿಣಿಮೂಗು ಎಂದೇ ಕರೆಸಿಕೊಂಡವಳು. ಕೆಲಸಕ್ಕೆ ಸೇರಿ ಮೂರು ವರ್ಷ ಕೂಡಿಟ್ಟ ದುಡ್ಡಿನಲ್ಲಿ ಡುಬ್ಬ ತೆಗೆಸಿದೆ. ಊರಲ್ಲಿ ಸೈನಸ್ ಆಪರೇಷನ್ ಎಂದು ಹೇಳಿದ್ದೆವು. ಊತ ಇಳಿಯುತ್ತಾ ಬಂದಂತೆ ಮೂಗಿನ ನಡುಭಾಗ ಎರಡೂ ಬದಿಯಿಂದ ಚಿವುಟಿ ಹಿಡಿದಂತೆ ಒಳಗೆ ಹೋಯಿತು. ಬಲಗಡೆ ಉಸಿರು ನಿಂತೇ ಹೋಯಿತು. ರಾತ್ರಿ ಬಾಯಿ ತೆರೆದೇ ಮಲಗಬೇಕು, ಬೆಳಿಗ್ಗೆ ಗಂಟಲು ಒಣಗಿ ಚಕ್ಕೆಯಂತೆ ಆಗಿರುತ್ತಿತ್ತು. ಆ ಡಾಕ್ಟರ ಬಳಿ ನಾಲ್ಕು ಸಲ ಹೋದೆ. "ಊತ ಪೂರ್ತಿ ಇಳಿಯಲು ಒಂದು ವರ್ಷ ಬೇಕು" ಎಂದರು. ಆ ಮಾತು ಸುಳ್ಳಲ್ಲ, ಹಾಗಾಗಿ ಕಾದೆ. ವರ್ಷ ತುಂಬಿದ ಮೇಲೆ ಹೋದರೆ ಹಳೇ ಫೋಟೋ, ಹೊಸ ಫೋಟೋ ಪಕ್ಕದಲ್ಲಿಟ್ಟು, "ನೋಡಿ, ಎಷ್ಟು ಚೆನ್ನಾಗಿ ಬಂದಿದೆ" ಎಂದರು. ನಾನು ಉಸಿರಿನ ಬಗ್ಗೆ ಕೇಳಿದ್ದೆ. ಆ ಸಿಟ್ಟು ಇನ್ನೂ ಹೋಗಿಲ್ಲ.

ಚಂದಕ್ಕೆಂದು ಹೋದವಳಿಗೆ ಉಸಿರಿನ ಬಗ್ಗೆ ದೂರುವ ಹಕ್ಕಿಲ್ಲವೇನೋ ಎಂದು ನನಗೇ ಅನ್ನಿಸಿಬಿಟ್ಟಿತ್ತು. ಅದರಿಂದ ನನ್ನನ್ನು ಹೊರಗೆ ತಂದವರು ಅಪ್ಪಯ್ಯ. "ಕೆನ್ನೆಯ ಚರ್ಮ ತಂದು ಮೂಗು ಕಟ್ಟುವುದನ್ನು ಸುಶ್ರುತ ಸಂಹಿತೆಯಲ್ಲೇ ಬರೆದಿಟ್ಟಿದ್ದಾರೆ. ಕೆಟ್ಟಿದ್ದನ್ನು ಸರಿ ಮಾಡಿಸಿಕೊಳ್ಳಲು ನಾಚಿಕೆ ಎಂಥದು?" ಎಂದು ಹುಬ್ಬಳ್ಳಿಗೆ ಹೊರಡಿಸಿದರು.

ಈ ಡಾಕ್ಟರು ಕಾಗದದ ಮೇಲೆ ಮೂಗಿನ ಚಿತ್ರ ಬರೆದು ತೋರಿಸಿದರು. ಡುಬ್ಬ ತೆಗೆಯುವಾಗ ನಡುವಿನ ಮಾಡು ಬಿಚ್ಚಿಕೊಳ್ಳುತ್ತದೆ. ಅದಕ್ಕೆ ಒಳಗಿನಿಂದ ಆಧಾರ ಕೊಡದಿದ್ದರೆ ಎರಡೂ ಗೋಡೆ ಕುಸಿಯುತ್ತವೆ. ಈಗ ಗೋಡೆಗಳ ನಡುವೆ ಕಾರ್ಟಿಲೇಜಿನ, ಅಂದರೆ ಮೃದು ಎಲುಬಿನ, ಸಣ್ಣ ಪಟ್ಟಿ ಇಟ್ಟು ಹೊಲಿಯಬೇಕು. ಮೂಗಿನೊಳಗಿನ ಕಾರ್ಟಿಲೇಜು ಮೊದಲ ಸಲವೇ ಖರ್ಚಾಗಿತ್ತು, ಕಿವಿಯದು ಮೆದು, ಬಾಗಿದ್ದು. ಹಾಗಾಗಿ ಪಕ್ಕೆಲುಬಿನಿಂದ ತೆಗೆಯಬೇಕು. ಅದು ಮುಂದೆ ಸ್ವಲ್ಪ ಡೊಂಕಾದರೂ ಆಗಬಹುದು ಎಂದು ಮೊದಲೇ ಹೇಳಿದರು. ಅಷ್ಟು ನೇರವಾಗಿ ಹೇಳಿದ್ದರಿಂದಲೇ ನನಗೆ ಧೈರ್ಯ ಬಂತು.

ಡಿಸೆಂಬರ್‌ನಲ್ಲಿ ಆಪರೇಷನ್. ಆಯಿ ನನ್ನ ಮೂಗುಬೊಟ್ಟು ಬಿಚ್ಚಿ ಕುಂಕುಮದ ಭರಣಿಯಲ್ಲಿ ಹಾಕಿಕೊಂಡಳು. ನಾಲ್ಕು ಗಂಟೆಗೂ ಹೆಚ್ಚು ಹಿಡಿಯಿತಂತೆ. ಎಚ್ಚರವಾದಾಗ ಮೂಗಿಗಿಂತ ಎದೆಯೇ ಹೆಚ್ಚು ನೋಯುತ್ತಿತ್ತು. ಕೆಮ್ಮಿದರೆ, ನಕ್ಕರೆ ಪಕ್ಕೆಯಲ್ಲಿ ಚಾಕು ಹಾಕಿದ ಹಾಗೆ. ಕನ್ನಡಕ ಮೂಗಿನ ಮೇಲೆ ಕೂರಿಸುವಂತಿಲ್ಲ. ಆಯಿ ಅದರ ನಡುವಿಗೆ ಟೇಪು ಸುತ್ತಿ ಹಣೆಗೆ ಅಂಟಿಸುತ್ತಿದ್ದಳು, ಬೆವರಿದರೆ ಜಾರಿ ಬೀಳುತ್ತಿತ್ತು, ಮತ್ತೆ ಒರೆಸಿ ಅಂಟಿಸುತ್ತಿದ್ದಳು. ಹುಬ್ಬಳ್ಳಿಯ ಚಿಕ್ಕಮ್ಮನ ಮನೆಯಲ್ಲಿ ಮೂರು ದಿಂಬು ಒರಗಿಸಿಕೊಂಡು ಕುಳಿತೇ ನಿದ್ದೆ.

7ನೇ ದಿನ ಮೇಲಿನ ಪಟ್ಟಿ ಬಿಚ್ಚಿದರು. ಕನ್ನಡಿ ಕೊಟ್ಟರು. ಊದಿದ ಮೂಗು, ಕಣ್ಣಿನ ಕೆಳಗೆ ಹಳದಿ ಕಲೆ. ಚಂದವೋ ಇಲ್ಲವೋ ಎಂದು ನೋಡುವ ಮನಸ್ಸೇ ಬರಲಿಲ್ಲ. ಒಳಗೆ ಇನ್ನೂ ಊತ, ಹೆಪ್ಪು. ಉಸಿರು ಆಗಲೂ ಸರಿಯಿರಲಿಲ್ಲ. ಮುಂಡಗೋಡ, ಮಳಗಿ ದಾಟಿ ಶಿರಸಿ ಮುಟ್ಟುವವರೆಗೆ, ಕಾರು ಹೊಂಡಕ್ಕೆ ಇಳಿದಾಗಲೆಲ್ಲ ಪಕ್ಕೆ ಹಿಡಿದುಕೊಂಡು, ಇದೂ ಕೆಟ್ಟರೆ ಏನು ಗತಿ ಎಂದು ಯೋಚಿಸುತ್ತಾ ಬಂದೆ.

ಮನೆಯಲ್ಲಿ ಅಡಿಕೆ ಕೊಯ್ಲು ಜೋರಾಗಿತ್ತು. ಅಂಗಳದ ಮೂಲೆಯಲ್ಲಿ ಹಂಡೆ ಕುದಿಯುತ್ತಿತ್ತು, ರಾತ್ರಿ ಹನ್ನೊಂದರವರೆಗೂ ಸುಲಿಯುವವರ ಮಾತು. ನಾನು ಒಳಗೆ ಉಪ್ಪುನೀರು ಸಿಂಪಡಿಸಿಕೊಳ್ಳುತ್ತಾ, ಮುಲಾಮು ಹಚ್ಚಿಕೊಳ್ಳುತ್ತಾ ದಿನ ಎಣಿಸುತ್ತಿದ್ದೆ. ಅಡಿಕೆ ಬೇಯಿಸುವ ಒಗರು ವಾಸನೆ ಒಂದು ದಿನ ಬಂದ ಹಾಗಾಯಿತು, ಮರುದಿನ ಇಲ್ಲ. ಹೇಳಿ ಆಸೆ ಹುಟ್ಟಿಸುವುದು ಬೇಡ ಎಂದು ಯಾರಿಗೂ ಹೇಳಲಿಲ್ಲ.

ನಾಲ್ಕನೇ ವಾರ. ಬೆಳಿಗ್ಗೆ ಅಡುಗೆಮನೆಗೆ ಹೋದರೆ ಆಯಿಯ ಕಣ್ಣು ಕೆಂಪಗಿತ್ತು. ನಿದ್ದೆ ಬರಲಿಲ್ಲವಾ ಎಂದು ಕೇಳಿದೆ. ಒಂದು ವರ್ಷದಿಂದ, ಊರಿಗೆ ಬಂದಾಗಲೆಲ್ಲ, ನನ್ನ ಗೊರಕೆ ಕೇಳುತ್ತಲೇ ಪಕ್ಕದ ಕೋಣೆಯಲ್ಲಿ ಮಲಗಿದವಳು.

"ಎರಡು ಸಲ ಎದ್ದು ಬಂದು ನೋಡ್ದಿ ತಂಗಿ," ಎಂದಳು. "ಸದ್ದೇ ಇಲ್ಲೆ. ಹೆದ್ರಿಕೆ ಆಗಿ ಮೂಗಿನ ಹತ್ರ ಕೈ ಹಿಡ್ದು ನೋಡ್ದಿ."